ಸಿಂಕಿನ ಕಸ ಅರೆಯುವ ಯಂತ್ರಕ್ಕೆ ಏನು ಹಾಕಬಹುದು, ಏನು ಹಾಕಬಾರದು?

ಹೊಸ ಫ್ಲ್ಯಾಟಿನ ಸಿಂಕಿನ ಕೆಳಗೆ ಕಸ ಅರೆಯುವ ಯಂತ್ರವನ್ನು ಮೊದಲೇ ಕೂಡಿಸಿದ್ದಾರೆ, ತಿಂಗಳೊಳಗೆ ಎರಡು ಸಲ ಸಿಕ್ಕಿಕೊಂಡಿತು, ವಾಸನೆಯೂ ಬರುತ್ತದೆ, ಸರಿಯಾಗಿ ಬಳಸುವುದು ಹೇಗೆ ಎಂದು ಕೇಳಿದ್ದೀರಿ. ಕನಕಪುರ ರಸ್ತೆಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಇಂಥದೇ ಯಂತ್ರವಿರುವ ಅಡುಗೆಮನೆಯಲ್ಲಿ ಆರು ವರ್ಷ ಕಳೆದಿದ್ದೇನೆ. ಅನುಭವದಿಂದ ಕಲಿತದ್ದನ್ನು ಹೇಳುತ್ತೇನೆ.

ಅದರೊಳಗೆ ಮಿಕ್ಸಿಯಲ್ಲಿರುವಂಥ ಹರಿತವಾದ ಬ್ಲೇಡು ಇರುವುದಿಲ್ಲ. ತಳದಲ್ಲಿ ಗಿರ್ರನೆ ತಿರುಗುವ ಒಂದು ತಟ್ಟೆ, ಅದರ ಮೇಲೆ ಅಲುಗಾಡುವ ಎರಡು ಮೊಂಡು ಲೋಹದ ತುಂಡು, ಸುತ್ತಲೂ ಹಲ್ಲುಹಲ್ಲಾದ ಬಳೆ. ತಿರುಗುವ ರಭಸಕ್ಕೆ ಎಂಜಲು ಅಂಚಿಗೆ ಹೋಗಿ ಬಳೆಗೆ ಉಜ್ಜಿ, ನುಣ್ಣಗಾಗಿ, ನೀರಿನ ಜೊತೆ ಕೆಳಗಿಳಿಯುತ್ತದೆ. ತುರಿಮಣೆಯ ಕೆಲಸ ಎಂದುಕೊಳ್ಳಿ. ತುರಿಮಣೆಗೆ ಬಾಳೆದಿಂಡು ಉಜ್ಜಿದರೆ ಏನಾಗುತ್ತದೆಯೋ ಇಲ್ಲೂ ಅದೇ ಆಗುತ್ತದೆ: ನಾರು ಸುತ್ತಿಕೊಂಡು ಕೂರುತ್ತದೆ.

ನಮ್ಮ ಅಡುಗೆಯಲ್ಲಿ ನಾರಿಗೆ ಬರವಿಲ್ಲ. ಬಾಳೆದಿಂಡು, ಅಗಿದ ನುಗ್ಗೆಕಾಯಿ, ತೆಂಗಿನ ಜುಂಗು, ಹುಣಸೆಹಣ್ಣಿನ ಚರಟ, ಈರುಳ್ಳಿ ಸಿಪ್ಪೆ, ಕರಿಬೇವಿನ ಕಡ್ಡಿ, ಸೊಪ್ಪಿನ ದಂಟು ಯಾವುದನ್ನೂ ಅದರೊಳಗೆ ಬಿಡಬೇಡಿ. ಅವರೆಕಾಳಿನ ಸಿಪ್ಪೆಯ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಮೊದಲ ವರ್ಷದ ಜನವರಿಯಲ್ಲಿ ಮನೆಗೆ ನೆಂಟರು ಬಂದಿದ್ದರು. ರಾತ್ರಿ ಕೂತು ಕಾಳು ಹಿತಕಿ, ಸಿಪ್ಪೆಯನ್ನೆಲ್ಲ ಒಟ್ಟಿಗೆ ಸಿಂಕಿಗೆ ತಳ್ಳಿ ಗುಂಡಿ ಒತ್ತಿದೆ. ಯಂತ್ರ ನಿಲ್ಲಲಿಲ್ಲ, ಸದ್ದೂ ಬದಲಾಗಲಿಲ್ಲ. ಬೆಳಿಗ್ಗೆ ನೋಡಿದರೆ ಸಿಂಕಿನಲ್ಲಿ ನೀರು ಕಟ್ಟಿ ನಿಂತಿತ್ತು. ಪ್ಲಂಬರ್ ಕೆಳಗಿನ ಬಾಗು ಕೊಳವೆ ಬಿಚ್ಚಿ ಬಕೆಟ್ಟಿಗೆ ಬಡಿದಾಗ, ಸಿಪ್ಪೆಗಳು ಒಂದರ ಮೇಲೊಂದು ಅಂಟಿಕೊಂಡು ನೆನೆದ ಕಾಗದದ ಉಂಡೆಯಂತೆ ಜಾರಿ ಬಿದ್ದವು. ಒಂದು ಸಿಪ್ಪೆಯೂ ಅರೆದಿರಲಿಲ್ಲ. ಅಷ್ಟು ತೆಳ್ಳಗಿನದು ಬಳೆಯ ಸಂದಿನಲ್ಲಿ ಹಾಗೆಯೇ ನುಸುಳಿಬಿಡುತ್ತದೆ.

ಅನ್ನ ಮೆತ್ತಗಿದೆ, ತೊಂದರೆಯಿಲ್ಲ ಎಂದು ಅನ್ನಿಸುತ್ತದೆ. ಆದರೆ ಅನ್ನ, ಮುದ್ದೆ, ದೋಸೆ ಹಿಟ್ಟು ಮೂರೂ ಕೊಳವೆಯೊಳಗೆ ಅಂಟಾಗುತ್ತವೆ. ತಟ್ಟೆಯಲ್ಲಿ ಉಳಿದ ನಾಲ್ಕು ಅಗುಳು ಹೋಗಲಿ, ತಳ ಹಿಡಿದ ಪಾತ್ರೆಯನ್ನು ಅಲ್ಲಿಗೆ ಬಗ್ಗಿಸಬೇಡಿ. ಫಿಲ್ಟರಿನ ಕಾಫಿ ಚರಟ ಕೊಳವೆಯ ತಳದಲ್ಲಿ ಮರಳಿನಂತೆ ಕೂರುತ್ತದೆ. ಬಾಣಲೆಯ ಎಣ್ಣೆಯನ್ನು ಕಾಗದದಿಂದ ಒರೆಸಿ ತೆಗೆಯಿರಿ. ಹಾಗಾದರೆ ಹಾಕುವುದೇನನ್ನು? ತಟ್ಟೆಯನ್ನು ಬಳಿದ ಮೇಲೂ ಉಳಿಯುವ ಪಲ್ಯದ ಚೂರು, ಸಾರಿನ ಟೊಮೆಟೊ ತುಣುಕು, ಬೆಂದ ತರಕಾರಿ, ಬೇಳೆ, ಮೆತ್ತಗಿನ ಹಣ್ಣು. ಉಳಿದದ್ದೆಲ್ಲ ಹಸಿ ಕಸದ ಹಸಿರು ಬುಟ್ಟಿಗೆ ಹೋಗಲಿ. ನೀವು ಹೇಗೂ ಕಸ ವಿಂಗಡಿಸುತ್ತಿದ್ದೀರಿ, ಅದು ಗೊಬ್ಬರವಾಗುತ್ತದೆ.

ನಡೆಸುವ ಕ್ರಮ ಸುಲಭ. ಮೊದಲು ತಣ್ಣೀರಿನ ನಲ್ಲಿ, ಆಮೇಲೆ ಸ್ವಿಚ್, ಆಮೇಲೆ ಸ್ವಲ್ಪಸ್ವಲ್ಪವಾಗಿ ಎಂಜಲು. ಬಿಸಿನೀರು ಬೇಡ, ಅದರಲ್ಲಿ ಕರಗಿದ ಜಿಡ್ಡು ಮುಂದೆ ಹೋಗಿ ಕೊಳವೆಯಲ್ಲಿ ಹೆಪ್ಪುಗಟ್ಟುತ್ತದೆ. ಗರಗರ ನಿಂತು ಬರಿಯ ಮೋಟಾರಿನ ಸದ್ದು ಕೇಳಿದ ಮೇಲೂ ಇಪ್ಪತ್ತು ಸೆಕೆಂಡು ನೀರು ಬಿಡಿ. 2024ರ ಬೇಸಿಗೆಯ ನೀರಿನ ಕಷ್ಟ ನೋಡಿದವಳಾದ್ದರಿಂದ ನನಗೂ ಹೀಗೆ ನೀರು ಬಿಡಲು ಮನಸ್ಸು ಬರುವುದಿಲ್ಲ. ಅದಕ್ಕೇ ಚೂರುಗಳನ್ನು ಜಾಲರಿಯಲ್ಲಿ ಹಿಡಿದಿಟ್ಟು ರಾತ್ರಿ ಒಂದೇ ಸಲ ನಡೆಸುತ್ತೇನೆ.

ನಿಮ್ಮಲ್ಲಿ ಎಸ್‌ಟಿಪಿ, ಅಂದರೆ ಅಪಾರ್ಟ್‌ಮೆಂಟಿನ ಕೊಳಚೆ ನೀರು ಶುದ್ಧೀಕರಿಸುವ ಘಟಕ, ಇದ್ದರೆ ಅದನ್ನು ನೋಡಿಕೊಳ್ಳುವವರನ್ನು ಒಮ್ಮೆ ಕೇಳಿ. ಅರೆದ ಆಹಾರ ಮಾಯವಾಗುವುದಿಲ್ಲ, ಅಲ್ಲಿನ ತೊಟ್ಟಿಗೆ ಹೋಗುತ್ತದೆ. ಅದನ್ನು ತಿಂದು ಅರಗಿಸುವ ಸೂಕ್ಷ್ಮಜೀವಿಗಳಿಗೆ ಹೆಚ್ಚು ಗಾಳಿ ಊದಬೇಕು, ಕೆಸರೂ ಹೆಚ್ಚುತ್ತದೆ. ಅವರು ಬೇಡ ಎಂದರೆ ದಯವಿಟ್ಟು ಬಳಸಬೇಡಿ. ಆ ನೀರೇ ಶುದ್ಧವಾಗಿ ನಿಮ್ಮ ಕಮೋಡಿಗೆ, ಗಿಡಗಳಿಗೆ ವಾಪಸು ಬರುವುದು.

ವಾಸನೆ ಹೆಚ್ಚಾಗಿ ಬರುವುದು ಸಿಂಕಿನ ಬಾಯಲ್ಲಿರುವ ರಬ್ಬರಿನ ಅಡಿಯಿಂದ. ಯಂತ್ರದ ಕರೆಂಟಿನ ಪ್ಲಗ್ ಕಿತ್ತು, ಆ ರಬ್ಬರಿನ ಎಸಳನ್ನು ಮೇಲಕ್ಕೆ ಮಡಚಿ ನೋಡಿ: ಕಪ್ಪು ಲೋಳೆ ಕೂತಿರುತ್ತದೆ. ಹಳೆಯ ಟೂತ್‌ಬ್ರಷ್‌ಗೆ ಪಾತ್ರೆ ಸೋಪು ಹಚ್ಚಿ ಉಜ್ಜಿ. ವಾರಕ್ಕೊಮ್ಮೆ ಒಂದು ಹಿಡಿ ಐಸ್, ಒಂದು ಚಮಚ ಕಲ್ಲುಪ್ಪು ಹಾಕಿ ನಡೆಸಿದರೆ ಒಳಗಿನ ಲೋಳೆಯೂ ಬಿಡುತ್ತದೆ. ಆಸಿಡ್ ಸುರಿಯಬೇಡಿ.

ಇನ್ನು ಸಿಕ್ಕಿಕೊಂಡಾಗ. ತಿರುಗದೆ ಗುಂಯ್ ಎಂದು ಸದ್ದು ಮಾಡಿದರೆ ತಕ್ಷಣ ಸ್ವಿಚ್ ಆರಿಸಿ, ಪ್ಲಗ್ ಕೀಳಿ. ಕೈ ಒಳಗೆ ಹಾಕಲೇಬೇಡಿ. ಮೊಬೈಲಿನ ಟಾರ್ಚ್ ಹಿಡಿದು, ಕಂಡ ಚಮಚವನ್ನೋ ಮೂಳೆಯನ್ನೋ ಇಕ್ಕಳದಿಂದ ತೆಗೆಯಿರಿ. ಬಹಳಷ್ಟು ಯಂತ್ರಗಳ ತಳದ ನಡುವೆ ಆರು ಮೂಲೆಯ ತೂತು ಇರುತ್ತದೆ. ಅದಕ್ಕೆ ಅಲೆನ್ ಕೀಲಿ (ಎಲ್ ಆಕಾರದಲ್ಲಿ ಬಾಗಿದ ಆರು ಮೂಲೆಯ ಕಡ್ಡಿ) ತೂರಿಸಿ ಎರಡೂ ಕಡೆಗೆ ತಿರುಗಿಸಿ, ತಟ್ಟೆ ಸಡಿಲವಾಗುತ್ತದೆ. ಮೋಟಾರು ತಣಿಯಲು ಹತ್ತು ನಿಮಿಷ ಬಿಟ್ಟು ತಳದ ಕೆಂಪು ಗುಂಡಿ ಒತ್ತಿ, ಪ್ಲಗ್ ಹಾಕಿ, ನೀರು ಬಿಟ್ಟು ನಡೆಸಿ. ಆಮೇಲೂ ಬರಿಯ ಗುಂಯ್ ಎನ್ನುತ್ತಿದ್ದರೆ ರಿಪೇರಿಯವರನ್ನು ಕರೆಯಿರಿ. ಕೀಲಿ ಸಲೀಸಾಗಿ ತಿರುಗಿತೇ ಇಲ್ಲವೇ ಎಂಬುದನ್ನು ಫೋನಿನಲ್ಲೇ ಹೇಳಿ, ಬೇಕಾದ ಬಿಡಿಭಾಗ ಹಿಡಿದೇ ಬರುತ್ತಾರೆ.