ಕಾರ್ಬುರೇಟರ್ ಎರಡು ಸಲ ಬಿಚ್ಚಿದ್ದಾಯ್ತು, ಮಾಡೆಲ್ ಎ ಎಂಜಿನ್ ಇನ್ನೂ ಕೆಮ್ಮುತ್ತಿದೆ. ಏನು ಮಾಡಲಿ?

ಮೊದಲು ಆ ಕಾರ್ಬುರೇಟರನ್ನು ಅದರ ಪಾಡಿಗೆ ಬಿಡಿ. ಎರಡು ಸಲ ತೊಳೆದಿದ್ದೀರಿ, ಮೂರನೇ ಸಲ ಬಿಚ್ಚಿದರೆ ಒಂದು ಸ್ಕ್ರೂ ಕಳೆಯಬಹುದು, ಅಷ್ಟೇ.

ನೀವು ಹೇಳಿದ್ದು ಇಷ್ಟು: 1930ರ ಫೋರ್ಡ್ ಮಾಡೆಲ್ ಎ ನಾಲ್ಕು ಸಿಲಿಂಡರ್ ಎಂಜಿನ್, ಮೇಲೆ 6:1 ಹೆಡ್ (ಪೆಟ್ರೋಲ್ ಮಿಶ್ರಣವನ್ನು ಆರರಲ್ಲಿ ಒಂದು ಭಾಗಕ್ಕೆ ಒತ್ತುವ ಸಿಲಿಂಡರ್ ಮುಚ್ಚಳ), ಎರಡು ಸ್ಟ್ರೋಂಬರ್ಗ್ 97 ಕಾರ್ಬುರೇಟರ್, ಎಲೆಕ್ಟ್ರಿಕ್ ಪೆಟ್ರೋಲ್ ಪಂಪ್, ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಮಾತ್ರ ಹಳೆಯದೇ. ನಿಂತಲ್ಲಿ ಚೆನ್ನಾಗಿ ಓಡುತ್ತದೆ. ಇಪ್ಪತ್ತು ನಿಮಿಷ ರಸ್ತೆಯಲ್ಲಿ ಓಡಿಸಿದ ಮೇಲೆ ಕೆಮ್ಮಲು ಶುರು, ರೇಡಿಯೇಟರಿನಿಂದ ನೀರು ಚೆಲ್ಲುತ್ತದೆ. ತಣ್ಣಗಾದ ಮೇಲೆ ಮತ್ತೆ ಸರಿ.

ಬಿಸಿಯಾದಾಗ ಮಾತ್ರ ಕೆಮ್ಮುತ್ತದೆ ಅಂದರೆ ನನ್ನ ಮೊದಲ ಅನುಮಾನ ಕಂಡೆನ್ಸರ್ (ಕೆಪಾಸಿಟರ್) ಮೇಲೆ. ಹಳೇ ಡಿಸ್ಟ್ರಿಬ್ಯೂಟರಿನಲ್ಲಿ ಅದು ಎಂಜಿನ್ನಿನ ಬಿಸಿಯಲ್ಲೇ ಬೇಯುತ್ತಾ ಕೂತಿರುತ್ತದೆ. ತಣ್ಣಗಿದ್ದಾಗ ಪರೀಕ್ಷೆ ಮಾಡಿದರೆ ಪಾಸ್, ಕಾದ ಮೇಲೆ ಫೇಲ್. ಹೊಸದು ಒಂದು ತಂದು ಹಾಕಿ ನೋಡಿ, ಕಾರ್ಬುರೇಟರ್ ಕಿಟ್‌ಗೆ ಕೊಟ್ಟ ದುಡ್ಡಿನ ಮುಂದೆ ಅದು ಏನೂ ಅಲ್ಲ. ಪಾಯಿಂಟ್‌ಗೆ (ತೆರೆದು ಮುಚ್ಚಿ ಕಿಡಿ ಹುಟ್ಟಿಸುವ ಸಂಪರ್ಕ) ಹೋಗುವ ಕೆಳಗಿನ ಪ್ಲೇಟಿನ ಸಣ್ಣ ವೈರನ್ನೂ ನೋಡಿ. ಸ್ಪಾರ್ಕ್ ಲಿವರ್ (ಕಿಡಿ ಬೀಳುವ ಹೊತ್ತನ್ನು ಹಿಂದೆ ಮುಂದೆ ಮಾಡುವ ಕಡ್ಡಿ) ಆಡಿಸಿದಾಗಲೆಲ್ಲ ಅದು ಬಾಗುತ್ತದೆ, ಒಳಗೆ ಎಳೆ ಹರಿದಿದ್ದರೂ ಹೊರಗೆ ಗೊತ್ತಾಗುವುದಿಲ್ಲ.

ಪೆಟ್ರೋಲ್ ಎಂಜಿನ್ ನಾನು ಕಲಿತದ್ದು ಹಾಸನದಲ್ಲಿ, ಅಪ್ಪನ ಅಂಬಾಸಡರ್ ಮೇಲೆ. ಬೆಂಕಿಪೊಟ್ಟಣದ ರಟ್ಟು ತೂರಿಸಿ ಪಾಯಿಂಟ್ ಗ್ಯಾಪ್ ಇಡುತ್ತಿದ್ದ ಕಾಲ. ಆಮೇಲೆ ಕೆಲಸಕ್ಕೆ ಅಂತ ಕ್ಯಾಲಿಫೋರ್ನಿಯಾಗೆ ಬಂದು, ಇಲ್ಲಿ ಒಂದು 1931ರ ರೋಡ್‌ಸ್ಟರ್ ಗಂಟು ಬಿತ್ತು. ಹಿಂದಿನವರು ವೈರ್ ಇರುವ ಹೊಸ ಡಿಸ್ಟ್ರಿಬ್ಯೂಟರ್ ಹಾಕಿದ್ದರು. ವೈರ್ ಬಿಚ್ಚಿದೆ, ಕೈಗೆ ಬಂದ ಅಭ್ಯಾಸದಂತೆ ಸಿಲಿಂಡರ್ ಉರಿಯುವ ಸರದಿ 1-3-4-2 ಅಂತ ಹಾಕಿದೆ. ಅಂಬಾಸಡರಿಗೆ ಅದೇ ಸರಿ. ಮಾಡೆಲ್ ಎ ಉರಿಯುವುದು 1-2-4-3. ಸ್ಟಾರ್ಟ್ ಆಯಿತು ಕೂಡ! ಒಂದು ಮತ್ತು ನಾಲ್ಕು ಸರಿಯಾಗಿಯೇ ಇದ್ದವಲ್ಲ, ಎರಡು ಸಿಲಿಂಡರ್ ಮೇಲೆ ಕುಂಟುತ್ತಾ ಓಡಿತು, ಕಾರ್ಬುರೇಟರಿನಿಂದ ಢಬ್ ಢಬ್ ಅಂತ ಬೆಂಕಿ. ನಾನು ಏನು ಮಾಡಿದೆ ಹೇಳಿ? ಒಂದು ವಾರ ಕಾರ್ಬುರೇಟರ್ ಬಿಚ್ಚಿದೆ. ಅದಕ್ಕೇ ನಿಮ್ಮ ಪ್ರಶ್ನೆ ಓದಿ ನಗು ಬಂತು, ಬೇಜಾರು ಮಾಡಿಕೊಳ್ಳಬೇಡಿ. ನಿಮಗೆ ಈ ತಾಪತ್ರಯ ಇಲ್ಲ. ಹಳೇ ಡಿಸ್ಟ್ರಿಬ್ಯೂಟರಿನಿಂದ ಪ್ಲಗ್‌ಗೆ ವೈರ್ ಬದಲು ಲೋಹದ ಪಟ್ಟಿಗಳು ಹೋಗುತ್ತವೆ, ತಪ್ಪಾಗಿ ಹಾಕೋಣ ಅಂದರೂ ಆಗುವುದಿಲ್ಲ.

ಇನ್ನು ಟೈಮಿಂಗ್, ಅಂದರೆ ಸ್ಪಾರ್ಕ್ ಬೀಳುವ ಹೊತ್ತು. ನೀರು ಕುದಿಯುವುದಕ್ಕೂ ಇದಕ್ಕೂ ನೇರ ಸಂಬಂಧ ಇದೆ. ಸ್ಪಾರ್ಕ್ ತಡವಾಗಿ ಬಿದ್ದರೆ ಪೆಟ್ರೋಲ್ ಪಿಸ್ಟನ್ ತಳ್ಳುವ ಬದಲು ಸಿಲಿಂಡರ್ ಗೋಡೆಗೂ ಎಕ್ಸಾಸ್ಟಿಗೂ ಬಿಸಿ ಕೊಟ್ಟು ಹೋಗುತ್ತದೆ. ರಾತ್ರಿ ನೋಡಿದರೆ ಮ್ಯಾನಿಫೋಲ್ಡ್ ಕೆಂಪಗೆ ಕಾಣಬಹುದು. ಮಾಡೆಲ್ ಎ ಟೈಮಿಂಗ್ ಇಡುವುದು ತುಂಬಾ ಸುಲಭ, ಇದಕ್ಕೆ ಲೈಟ್ ಗೀಟ್ ಏನೂ ಬೇಡ. ಮೊದಲು ಪಾಯಿಂಟ್ ಗ್ಯಾಪ್ ಇಡಿ, 0.018ರಿಂದ 0.022 ಇಂಚು. ಗ್ಯಾಪ್ ಬದಲಾದರೆ ಟೈಮಿಂಗೂ ಬದಲಾಗುತ್ತದೆ, ಆದ್ದರಿಂದ ಅದು ಮೊದಲು. ಆಮೇಲೆ ಸ್ಟೀರಿಂಗ್ ಎಡಗಡೆಯ ಲಿವರನ್ನು ಪೂರ್ತಿ ಮೇಲಕ್ಕೆ ತಳ್ಳಿ. ಎಂಜಿನ್ ಮುಂದಿನ ಕವರಿನಲ್ಲಿ ಒಂದು ಪಿನ್ ಇದೆ, ಬಿಚ್ಚಿ, ತಿರುಗಿಸಿ, ಉದ್ದನೆಯ ತುದಿ ಒಳಗೆ ಹಾಕಿ ಬೆರಳಿನಿಂದ ಒತ್ತಿಕೊಂಡೇ ಇರಿ. ಇನ್ನೊಬ್ಬರು ಹ್ಯಾಂಡಲ್ ಹಾಕಿ ನಿಧಾನಕ್ಕೆ ತಿರುಗಿಸಲಿ. ಕ್ಯಾಮ್ ಗೇರಿನ ಸಣ್ಣ ಗುಳಿಗೆ ಪಿನ್ ಟುಕ್ ಅಂತ ಇಳಿಯುತ್ತದೆ. ಅದೇ ಒಂದನೇ ಸಿಲಿಂಡರಿನ ಮೇಲ್ತುದಿ. ಈಗ ಡಿಸ್ಟ್ರಿಬ್ಯೂಟರ್ ನಡುವಿನ ಸ್ಕ್ರೂ ಸಡಿಲಿಸಿ, ರೋಟರ್ ಒಂದನೇ ಸಿಲಿಂಡರಿನ ಕಡೆ ನೋಡುವಂತೆ, ಪಾಯಿಂಟ್ ಆಗ ತಾನೇ ಬಿಡುವಂತೆ ಕ್ಯಾಮ್ ಕೂರಿಸಿ ಬಿಗಿ ಮಾಡಿ. ಬಿಗಿ ಮಾಡುವಾಗ ಅದು ಸ್ವಲ್ಪ ಜರುಗುತ್ತದೆ. ನನಗೆ ಪ್ರತಿ ಸಲ ಮೂರು ಸಲವಾದರೂ ಮಾಡಬೇಕಾಗುತ್ತದೆ.

ಒಂದು ಎಚ್ಚರಿಕೆ. ಆ ಲಿವರ್ ಪೂರ್ತಿ ಕೆಳಗೆ ಎಳೆದರೆ ಸುಮಾರು 40 ಡಿಗ್ರಿ ಅಡ್ವಾನ್ಸ್ ಸಿಗುತ್ತದೆ, ಅಂದರೆ ಪಿಸ್ಟನ್ ಮೇಲ್ತುದಿ ಮುಟ್ಟುವ ಅಷ್ಟು ಮೊದಲೇ ಕಿಡಿ. ಅದು ಕಂಪನಿಯ 4.22:1 ಕಂಪ್ರೆಷನ್‌ಗೆ ಲೆಕ್ಕ ಹಾಕಿದ್ದು. ನಿಮ್ಮದು 6:1, ಒಳಗೆ ಬೇಗ ಉರಿಯುತ್ತದೆ, ಅಷ್ಟು ಅಡ್ವಾನ್ಸ್ ಬೇಡ. ಏರು ಹತ್ತುವಾಗ ಲೊಟಲೊಟ ಸದ್ದು ಬಂದರೆ ತಕ್ಷಣ ಲಿವರ್ ಎರಡು ಹಲ್ಲು ಮೇಲಕ್ಕೆ. ಏಕೆಂದರೆ ಕೆಳಗಿರುವುದು ಬ್ಯಾಬಿಟ್ ಬೇರಿಂಗ್, ತವರದ ಮಿಶ್ರಲೋಹ ಕಾಸಿ ಹೊಯ್ದದ್ದು. ಪೆಟ್ಟು ಬಿದ್ದಷ್ಟೂ ಬಿರುಕು ಬಿಟ್ಟು ಉದುರುತ್ತದೆ. ಕ್ರ್ಯಾಂಕಿಗೆ ಇರುವುದು ಮೂರೇ ಮೇನ್ ಬೇರಿಂಗ್, ಕೌಂಟರ್‌ವೇಟ್ ಇಲ್ಲ, ಹಿಂದೆ ಸುಮಾರು 28 ಕೆಜಿ ಫ್ಲೈವೀಲ್. ಫೋರ್ಡ್ ಇದರಿಂದ ಕೇಳಿದ್ದು 2200 ಆರ್‌ಪಿಎಂನಲ್ಲಿ 40 ಕುದುರೆಶಕ್ತಿ ಮಾತ್ರ. ನೀವು 3500 ಕೇಳಿದರೆ ಕ್ರ್ಯಾಂಕ್ ಹಗ್ಗದ ಹಾಗೆ ಆಡುತ್ತದೆ.

ಬೇರಿಂಗ್ ಈಗಾಗಲೇ ಸಡಿಲ ಆಗಿದೆಯಾ ಅಂತ ನೋಡಬೇಕಾ? ಮರದ ಹಿಡಿಯ ಸ್ಕ್ರೂಡ್ರೈವರ್ ತಗೊಳ್ಳಿ. ಎಂಜಿನ್ ಓಡುತ್ತಿರುವಾಗ ತುದಿಯನ್ನು ಮೊದಲು ಹೆಡ್‌ಗೆ ಮುಟ್ಟಿಸಿ, ಆಮೇಲೆ ಪ್ಲಗ್ ಮೇಲಿನ ಪಟ್ಟಿಗೆ ವಾಲಿಸಿ. ಆ ಸಿಲಿಂಡರ್ ಸುಮ್ಮನಾಗುತ್ತದೆ. ಒಂದೊಂದಾಗಿ ನಾಲ್ಕಕ್ಕೂ ಮಾಡಿ. ಯಾವುದನ್ನು ನಿಲ್ಲಿಸಿದಾಗ ಬಡಿತ ಕಡಿಮೆಯಾಗುತ್ತದೋ ಅದರ ಕನೆಕ್ಟಿಂಗ್ ರಾಡ್ (ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಸರಳು) ಬೇರಿಂಗ್ ಸಡಿಲ. ಯಾವುದಾದರೂ ಒಂದನ್ನು ನಿಲ್ಲಿಸಿದಾಗ ಎಂಜಿನ್ ಓಟದಲ್ಲಿ ಏನೂ ವ್ಯತ್ಯಾಸ ಆಗಲಿಲ್ಲ ಅಂದರೆ ಆ ಸಿಲಿಂಡರ್ ಮೊದಲೇ ಕೆಲಸ ಮಾಡುತ್ತಿರಲಿಲ್ಲ. ಕ್ಯಾಪ್ ಕೆಳಗೆ ತೆಳು ಶಿಮ್‌ಗಳು ಇರುತ್ತವೆ, ಒಂದೆರಡು ತೆಗೆದು ಬಿಗಿ ಮಾಡಬಹುದು. ಶಿಮ್ ಖಾಲಿ ಆಗಿದ್ದರೆ ಹೊಸದಾಗಿ ಬ್ಯಾಬಿಟ್ ಹೊಯ್ಸಬೇಕು, ಅದು ದುಬಾರಿ.

ಆಯಿಲ್ ವಿಷಯದಲ್ಲಿ ಜಿಪುಣತನ ಬೇಡ. ರಾಡ್ ಬೇರಿಂಗಿಗೆ ಒತ್ತಡದಲ್ಲಿ ಆಯಿಲ್ ಹೋಗುವುದಿಲ್ಲ, ತುದಿಯ ಚಮಚ ತಟ್ಟೆಯಿಂದ ಎರಚಿಕೊಳ್ಳಬೇಕು. ಫಿಲ್ಟರ್ ಕೂಡ ಇಲ್ಲ. 500 ಮೈಲಿಗೆ ಒಂದು ಸಲ ಬದಲಿಸಿ.

ನೀರಿನ ವಿಷಯದಲ್ಲಿ ಒಂದು ಪ್ರಶ್ನೆ. ಕುದಿಯುತ್ತಿದೆಯಾ, ಇಲ್ಲ ಸುಮ್ನೆ ಹೊರಗೆ ಚೆಲ್ಲುತ್ತಿದೆಯಾ? ಎರಡೂ ಬೇರೆ. ಈ ರೇಡಿಯೇಟರಿಗೆ ಒತ್ತಡದ ಮುಚ್ಚಳ ಇಲ್ಲ. ಕೊಳವೆಗಳು ಕಟ್ಟಿಕೊಂಡಿದ್ದರೆ ಜೋರಾಗಿ ಓಡಿಸುವಾಗ ಪಂಪ್ ಮೇಲೆ ತುಂಬುವ ವೇಗಕ್ಕೆ ನೀರು ಕೆಳಗೆ ಇಳಿಯುವುದಿಲ್ಲ, ಓವರ್‌ಫ್ಲೋನಿಂದ ಹೊರಗೆ. ಕುತ್ತಿಗೆ ತನಕ ತುಂಬಿಸಿದರೂ ಅದೇ ಕಥೆ, ಕೊಳವೆ ಮುಚ್ಚುವಷ್ಟು ನೀರು ಸಾಕು. ಎಂಜಿನ್ ಓಡುವಾಗ ಮುಚ್ಚಳ ತೆಗೆದು ಇಣುಕಿ (ತಣ್ಣಗಿದ್ದಾಗ ಸ್ಟಾರ್ಟ್ ಮಾಡಿ!), ಗುಳ್ಳೆ ಬರುತ್ತಲೇ ಇದ್ದರೆ ಹೆಡ್ ಗ್ಯಾಸ್ಕೆಟ್. ಹೊಸ ಹೆಡ್ ಹಾಕಿದ ಮೇಲೆ ನಟ್‌ಗಳನ್ನು ಮತ್ತೊಮ್ಮೆ ಬಿಗಿ ಮಾಡಿದ್ದೀರಾ? 55 ಅಡಿ-ಪೌಂಡ್, ನಡುವಿನಿಂದ ಹೊರಗಡೆಗೆ.

ಕೊನೆಗೆ ಆ ಎರಡು 97. ನೋಡೋಕೆ ಚೆಂದ, ಒಪ್ಪಿದೆ. ಆದರೆ 1936ರಲ್ಲಿ ಫೋರ್ಡ್ ತನ್ನ 221 ಘನ ಇಂಚಿನ ವಿ8ಗೆ ಹಾಕಿದ್ದು ಒಂದೇ ಒಂದು 97. ನಿಮ್ಮದು 200 ಘನ ಇಂಚು, ಅದಕ್ಕೆ ಎರಡು! ನನ್ನ ಕೇಳಿದರೆ ಒಂದು ಸಾಕು, ಇಲ್ಲ ಎರಡೇ ಬೇಕು ಅಂದರೆ ಚಿಕ್ಕ ಗಂಟಲಿನ ಸ್ಟ್ರೋಂಬರ್ಗ್ 81. ಮೂಲ ಕಾರ್ಬುರೇಟರ್ ಟ್ಯಾಂಕಿಗಿಂತ ಕೆಳಗೆ ನೇತಾಡುತ್ತಿತ್ತು, ಪೆಟ್ರೋಲ್ ತಾನೇ ಇಳಿಯುತ್ತಿತ್ತು. ಮೇಲೆ ಕೂರುವ 97ಕ್ಕೆ ಪಂಪ್ ಬೇಕು ನಿಜ, ಆದರೆ ಎರಡೂವರೆಯಿಂದ ಮೂರು ಪಿಎಸ್‌ಐ ಮೀರಬಾರದು. ಅಂಗಡಿಯಲ್ಲಿ ಸಿಗುವ ಎಷ್ಟೋ ಪಂಪ್‌ಗಳು ಅದರ ಎರಡರಷ್ಟು ಒತ್ತುತ್ತವೆ, ಕಾರ್ಬುರೇಟರಿನ ಒಳಗಿನ ಸೂಜಿ ವಾಲ್ವ್ ತಡೆಯುವುದಿಲ್ಲ, ಪೆಟ್ರೋಲ್ ಉಕ್ಕುತ್ತದೆ. ಒಂದು ಗೇಜ್ ಹಾಕಿ ಅಳೆಯಿರಿ, ಜಾಸ್ತಿ ಇದ್ದರೆ ರೆಗ್ಯುಲೇಟರ್ ಹಾಕಿ.

ವಿ8 ಹಾಕಿಬಿಡಿ ಅಂತ ಯಾರಾದರೂ ಹೇಳೇ ಹೇಳುತ್ತಾರೆ. ಕೇಳಬೇಡಿ. 1932ರಲ್ಲಿ ವಿ8 ಬರುವ ಮೊದಲು ಇಲ್ಲಿಯ ಹುಡುಗರು ಮ್ಯೂರಾಕ್ ಒಣಕೆರೆಯ ಮೇಲೆ ಓಡಿಸಿದ್ದು ಇಂಥವೇ ನಾಲ್ಕು ಸಿಲಿಂಡರ್‌ಗಳನ್ನು. ಎಡ್ ವಿನ್‌ಫೀಲ್ಡ್ ಕ್ಯಾಮ್, ಕಾರ್ಬುರೇಟರ್ ಮಾಡಿ ಹೆಸರಾದದ್ದೂ ಇವಕ್ಕೇ.

ಶನಿವಾರ ಬೆಳಿಗ್ಗೆ ಕಂಡೆನ್ಸರ್ ಮತ್ತು ಟೈಮಿಂಗ್ ಮಾಡಿ, ಮಧ್ಯಾಹ್ನ ಪಂಪ್ ಒತ್ತಡ. ಮತ್ತೆ ಆ ಟೈಮಿಂಗ್ ಪಿನ್ ತಿರುಗಿಸಿ ವಾಪಸ್ ಹಾಕುವ ತನಕ ಸ್ಟಾರ್ಟರ್ ಒತ್ತಬೇಡಿ. ಕ್ಯಾಮ್ ಗೇರ್ ಫೈಬರಿನದ್ದು, ಒಂದೇ ಒತ್ತಿಗೆ ಹಾಳಾಗುತ್ತದೆ.