ಚಾಸಿ ತೂತಿಗೆ 5 ಎಂಎಂ ಪ್ಲೇಟ್ ಸಾಕಾ?

ಹಳೇ ಮಾರುತಿ ಜಿಪ್ಸಿ, ಚಾಸಿಯಲ್ಲಿ (ಗಾಡಿಯ ಭಾರ ಹೊರುವ ತಳದ ಕಬ್ಬಿಣದ ಚೌಕಟ್ಟು) ಹಿಂದಿನ ಸ್ಪ್ರಿಂಗ್ ಹಿಡಿದಿರುವ ಬ್ರಾಕೆಟ್ ಪಕ್ಕ ಅಂಗೈ ಅಗಲದ ತುಕ್ಕಿನ ತೂತು, ಮೇಲೊಂದು 5 ಎಂಎಂ ಪ್ಲೇಟ್ ಹೊಡೆಸಿದರೆ ಸಾಕಾ ಅಂತ ಕೇಳಿದ್ದೀರಿ. 2016ರಲ್ಲಿ ನಾನು ಹೊಡೆಸಿದ್ದೂ ಅದೇ 5 ಎಂಎಂ.

ನನ್ನದು 1998ರ ಜಿಪ್ಸಿ ಕಿಂಗ್. ಮನೆ ಕುಂದಾಪುರದ ಕಡೆ. ದಿನಾ ಮರವಂತೆ ದಾಟಿ ಓಡಾಟ. ಅಲ್ಲಿ ಹೆದ್ದಾರಿಯ ಒಂದು ಪಕ್ಕ ಸಮುದ್ರ, ಇನ್ನೊಂದು ಪಕ್ಕ ಸೌಪರ್ಣಿಕಾ ನದಿ. ಮಳೆಗಾಲದಲ್ಲಿ ಕನ್ನಡಕದ ಮೇಲೂ ಉಪ್ಪು ಕೂರುತ್ತದೆ. ಜಿಪ್ಸಿ ಚಾಸಿ ನಾಲ್ಕೂ ಕಡೆ ಮುಚ್ಚಿದ ಡಬ್ಬಿ. ನೀರು ಇಳಿಯುವ ಸಣ್ಣ ತೂತುಗಳಿಗೆ ಕೆಸರು ಕಟ್ಟಿಕೊಂಡರೆ ಮುಗೀತು, ತುಕ್ಕು ಒಳಗಿನಿಂದಲೇ ತಿನ್ನಲು ಶುರು. ಹೊರಗೆ ತೂತು ಕಾಣುವ ಹೊತ್ತಿಗೆ ಒಳಗೆಲ್ಲಾ ಹಪ್ಪಳ.

ಊರಿನ ಗೇಟು-ಗ್ರಿಲ್ ವೆಲ್ಡರ್ "ಕೊಳೆತದ್ದು ಕತ್ತರಿಸ್ಬೇಕು" ಅಂದ. ನಾನೇ ಬೇಡ ಅಂದೆ. ವೈರ್ ಬ್ರಷ್ ಹೊಡೆದು, ತೂತಿನ ಸುತ್ತ ಒಂದಿಂಚು ಜಾಸ್ತಿ ಬರುವ ಹಾಗೆ ಪ್ಲೇಟ್ ಇಟ್ಟು ಸುತ್ತಲೂ ವೆಲ್ಡ್ ಮಾಡಿಸಿದೆ. 1,200 ರೂಪಾಯಿಗೆ ಕೆಲಸ ಮುಗಿಯಿತು ಅಂತ ಖುಷಿ ಬೇರೆ.

ತಪ್ಪು ಎಲ್ಲಿ ಆಯ್ತು ಅಂತ ಸ್ವಲ್ಪ ಉದ್ದ ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ. ಪ್ಲೇಟಿನ ಅಂಚು ಕೂತದ್ದು ಒಳಗಿನಿಂದ ತೆಳ್ಳಗಾದ ತಗಡಿನ ಮೇಲೆ. ವೆಲ್ಡ್ ಹಿಡಿಯಲು ಅಲ್ಲಿ ಕಬ್ಬಿಣವೇ ಇರಲಿಲ್ಲ. ಎರಡು ತಗಡಿನ ಸಂದಿಗೆ ನೀರು ಹೊಕ್ಕಿತು. ಬಣ್ಣ ಅಲ್ಲಿಗೆ ತಲುಪುವುದಿಲ್ಲ, ನೀರು ತಲುಪುತ್ತದೆ. ಇನ್ನು ದಪ್ಪದ ವಿಷಯ. ಗಾಡಿ ಓಡುವಾಗ ಚಾಸಿ ಬಾಗುತ್ತಲೇ ಇರುತ್ತದೆ. 5 ಎಂಎಂ ಪ್ಲೇಟ್ ಬಾಗಲ್ಲ. ಬಾಗುವ ಕೆಲಸವೆಲ್ಲ ಅದರ ಅಂಚಿನ ಪಕ್ಕದ ತೆಳು ತಗಡಿನ ತಲೆಗೆ ಬಂತು. ಸಾಲದ್ದಕ್ಕೆ ನನ್ನ ಪ್ಲೇಟ್ ಚೌಕ. ಅಂಚಿನ ವೆಲ್ಡು ಮೇಲಿಂದ ಕೆಳಗೆ ನೇರ ಗೆರೆ, ಚೆಕ್ ಹರಿಯಲು ಸಾಲಾಗಿ ತೂತು ಹೊಡೆದಿರುತ್ತಾರಲ್ಲ, ಹಾಗೆ.

14 ತಿಂಗಳಿಗೆ ಹುಲಿಕಲ್ ಘಾಟಿ ಇಳಿಯುವಾಗ ಬ್ರೇಕ್ ಒತ್ತಿದೆ, ಹಿಂದೆ 'ಟಕ್' ಅಂತು. ಆಮೇಲೆ ಸ್ಟೇರಿಂಗ್ ನೇರ ಹಿಡಿದರೂ ಗಾಡಿ ಏಡಿ ಥರ ಓರೆ ಹೋಗಲು ಶುರು ಮಾಡಿತು. ಬಗ್ಗಿ ನೋಡಿದರೆ ಬ್ರಾಕೆಟ್ ಸಮೇತ ಆಕ್ಸಲ್ ಜರುಗಿದೆ. ಪ್ಲೇಟ್ ಮಾತ್ರ ಹೊಸದರ ಹಾಗೇ ಇದೆ! ಅದರ ಪಕ್ಕಕ್ಕೇ ಚಾಸಿ ಹರಿದಿತ್ತು.

ಆದ್ದರಿಂದ ಎಷ್ಟು ದಪ್ಪ ಅನ್ನೋದನ್ನು ಬಿಡಿ, ಎಲ್ಲಿವರೆಗೆ ಕತ್ತರಿಸೋದು ಅಂತ ನೋಡಿ. ಸುತ್ತಿಗೆಯಲ್ಲಿ ತಟ್ಟುತ್ತಾ ಹೋಗಿ. 'ದಪ್ ದಪ್' ಅಂದರೆ ಕೊಳೆತಿದೆ, 'ಟಣ್' ಅಂದಲ್ಲಿಗೆ ನಿಲ್ಲಿ. ಎರಡನೇ ಸಲ ನನ್ನ ಅಂಗೈ ಅಗಲದ ತೂತು ಒಂದೂಕಾಲು ಅಡಿ ಆಯಿತು. ಸ್ವೀಟ್ ಬಾಕ್ಸಿನ ರಟ್ಟಿನಲ್ಲಿ ಅಚ್ಚು ಕತ್ತರಿಸಿ, ಕೂತ ಮೇಲೆ ತಗಡಿಗೆ ಇಳಿಸಿದೆವು. ಗಟ್ಟಿ ಜಾಗದಲ್ಲಿ ವರ್ನಿಯರ್ (ದಪ್ಪ ಅಳೆಯುವ ಸಾಧನ) ಇಟ್ಟರೆ ಚಾಸಿ ಎರಡು ಎಂಎಂ ಚಿಲ್ಲರೆ ಬಂತು; ಹಾಕಿದ್ದು 2.5 ಎಂಎಂ. ಮೂಲೆ ದುಂಡಗೆ, ತುದಿಗಳು ಓರೆ. ಅಲ್ಲಲ್ಲಿ ಟ್ಯಾಕ್ (ಚುಕ್ಕಿಯಷ್ಟು ವೆಲ್ಡ್) ಹಾಕಿ, ಆರಲು ಬಿಟ್ಟು, ತುಂಡುತುಂಡಾಗಿ ವೆಲ್ಡ್. ಒಂದೇ ಸಮ ಎಳೆದರೆ ಶಾಖಕ್ಕೆ ಸೊಟ್ಟಗಾಗುತ್ತದೆ. ಇಷ್ಟು ತೆಳು ತಗಡಿಗೆ ರಾಡ್ ವೆಲ್ಡಿಂಗ್ ಬೇಡ, ಮಿಗ್ (ತಂತಿ ತಾನಾಗಿ ಬರುವ ವೆಲ್ಡಿಂಗ್ ಮೆಷಿನ್) ಇರುವವರನ್ನೇ ಹುಡುಕಿ. ಸತು ಲೇಪಿಸಿದ ಜಿಐ ಶೀಟ್ ಅಂತೂ ಬೇಡವೇ ಬೇಡ, ಸತುವಿನ ಹೊಗೆ ಕುಡಿದವನಿಗೆ ರಾತ್ರಿ ಚಳಿಜ್ವರ.

ಕತ್ತರಿಸುವ ಮೊದಲು ಚಾಸಿಗೆ ಎರಡೂ ಕಡೆ ಸ್ಟ್ಯಾಂಡ್ ಕೊಟ್ಟು, ಆಮೇಲೆ ಸೊಟ್ಟಗಾಗಿದೆಯಾ ಅಂತ ನೋಡಲು ಬೋಲ್ಟಿನಿಂದ ಬೋಲ್ಟಿಗೆ ಅಡ್ಡಡ್ಡ ಅಳತೆ ಬರೆದಿಡಿ. ಬ್ಯಾಟರಿ ಬಿಚ್ಚಿ. ಪೆಟ್ರೋಲ್ ಟ್ಯಾಂಕ್ ಅಲ್ಲೇ ಹಿಂದೆ ಇದೆ, ಇಳಿಸದೆ ಕಿಡಿ ಹಾರಿಸಬೇಡಿ. ಚಾಸಿ ನಂಬರ್ ಇರುವ ಜಾಗಕ್ಕೆ ಗ್ರೈಂಡರ್ ಡಿಸ್ಕ್ ತಾಗಿಸಲೇಬೇಡಿ, ಆರ್‌ಟಿಒದಲ್ಲಿ ಉತ್ತರ ಕೊಟ್ಟು ಸುಸ್ತಾಗುತ್ತೀರಿ. ಬ್ರಾಕೆಟ್‌ನ ಬುಡವೇ ಹೋಗಿದ್ದರೆ ಮನೆಯಲ್ಲಿ ಮಾಡುವ ಯೋಚನೆ ಬಿಡಿ. ಎರಡೂ ಕಡೆಯ ಉದ್ದದ ತೊಲೆಗಳು ಹಪ್ಪಳ ಆಗಿದ್ದರೆ ತೇಪೆಯ ಮಾತೇ ಬೇಡ, ಬೇರೆ ಚಾಸಿ ನೋಡಿ.

ವೆಲ್ಡಿನ ಶಾಖಕ್ಕೆ ಒಳಗಿನ ಬಣ್ಣ ಸುಟ್ಟಿರುತ್ತದೆ. ಹೊರಗೆ ರೆಡ್ ಆಕ್ಸೈಡ್ ಬಳಿದು ಸುಮ್ನಾಗಬೇಡಿ, ಒಳಗೆ ಪೈಪ್ ತೂರಿಸಿ ತುಕ್ಕು ತಡೆಯುವ ವ್ಯಾಕ್ಸ್ ಸ್ಪ್ರೇ ಮಾಡಿಸಿ. ನನಗೆ ಎಲ್ಲಾ ಸೇರಿ 18,000 ಬಿತ್ತು. ಈಗ ಮಳೆಗಾಲ ಮುಗಿದ ಕೂಡಲೇ ಕೆಳಗೆ ಮಲಗಿ ಆ ನೀರಿನ ತೂತುಗಳನ್ನು ಚುಚ್ಚಿ ಬಿಡಿಸುತ್ತೇನೆ. ಅದಕ್ಕೇ ಅಂತ ಸೈಕಲ್ ಕಡ್ಡಿಯೊಂದು ಡ್ಯಾಶ್‌ಬೋರ್ಡಿನಲ್ಲೇ ಬಿದ್ದಿರುತ್ತದೆ.