ಅಮೂರ್ತ ಚಿತ್ರಕ್ಕೆ ವಲಸೆಯ ಬಗ್ಗೆ ಹೇಳಲು ಸಾಧ್ಯವೇ?

ಮನುಷ್ಯರಾಗಲಿ ಮನೆಯಾಗಲಿ ಕಾಣದ ಅಮೂರ್ತ ಚಿತ್ರವು ವಲಸೆಯ ಬಗ್ಗೆ, ಊರು ಬಿಟ್ಟವರ ನೆಲೆಯ ಬಗ್ಗೆ ನಿಜವಾಗಿ ಏನನ್ನಾದರೂ ಹೇಳುತ್ತದೆಯೇ, ಇಲ್ಲವೇ ಪಕ್ಕದಲ್ಲಿ ಅಂಟಿಸಿದ ವಿವರಣೆಯೇ ಎಲ್ಲವನ್ನೂ ಹೇಳುತ್ತದೆಯೇ ಎಂದು ನೀವು ಕೇಳಿದ್ದೀರಿ. ಎಲ್ಲ ಚಿತ್ರಗಳೂ ಹೇಳುವುದಿಲ್ಲ, ಆದರೆ ಕೆಲವು ಹೇಳುತ್ತವೆ ಎಂಬುದು ನನ್ನ ದೃಢವಾದ ನಂಬಿಕೆ.

ಚಿತ್ರಕಾರ ಸೈಯದ್ ಹೈದರ್ ರಝಾ ಅವರು 1922ರಲ್ಲಿ ಮಧ್ಯಪ್ರದೇಶದ ಮಂಡ್ಲಾ ಪ್ರದೇಶದಲ್ಲಿ, ಅರಣ್ಯ ಇಲಾಖೆಯಲ್ಲಿದ್ದವರೊಬ್ಬರ ಮಗನಾಗಿ ಹುಟ್ಟಿದರು. ದೇಶ ವಿಭಜನೆಯ ನಂತರ ಒಡಹುಟ್ಟಿದವರು ಪಾಕಿಸ್ತಾನಕ್ಕೆ ಹೋದರೂ ಭಾರತದಲ್ಲೇ ಉಳಿದ ಅವರು, 1950ರಲ್ಲಿ ಪ್ಯಾರಿಸ್ಸಿಗೆ ತೆರಳಿ ಸುಮಾರು ಅರವತ್ತು ವರ್ಷ ಫ್ರಾನ್ಸಿನಲ್ಲಿ ಬದುಕಿದರು. ಅಲ್ಲಿ ಮೊದಲು ನಿಸರ್ಗದೃಶ್ಯಗಳನ್ನು ಬರೆಯುತ್ತಿದ್ದ ಅವರ ಚಿತ್ರಗಳಲ್ಲಿ ಮನೆಗಳ, ಮರಗಳ ಅಂಚುಗಳು ಕ್ರಮೇಣ ಕರಗಿ, ಬಾಲ್ಯದಲ್ಲಿ ಮೇಷ್ಟರೊಬ್ಬರು ಚಂಚಲ ಮನಸ್ಸನ್ನು ನಿಲ್ಲಿಸಲೆಂದು ತೋರಿಸಿದ್ದ ಬಿಂದು ಮೇಲೆದ್ದು ಬಂತು. 1981ರ 'ಮಾ' ಎಂಬ ಚಿತ್ರದಲ್ಲಿ ಕಪ್ಪು ಬಿಂದು ಮತ್ತು ಉರಿಯುವ ಕೆಂಪಿನ ಜೊತೆಗೆ, ಅಶೋಕ್ ವಾಜಪೇಯಿ ಅವರ ಹಿಂದಿ ಕವಿತೆಯ ಸಾಲೊಂದನ್ನು ದೇವನಾಗರಿಯಲ್ಲೇ ಬರೆದಿದ್ದಾರೆ. ಮರಳಿ ಬರುವಾಗ ಏನು ತರಲಿ ಎಂದು ಮಗ ತಾಯಿಯನ್ನು ಕೇಳುವ ಸಾಲು ಅದು. ಆ ಲಿಪಿ ಬಾರದ ಫ್ರೆಂಚ್ ನೋಡುಗನಿಗೆ ಅಲ್ಲಿ ಕಾಣುವುದು ಗೆರೆಗಳು ಮಾತ್ರ. ಒಂದೇ ಗುರುತು ಒಬ್ಬರಿಗೆ ತಾಯಿಯ ಮಾತಾಗಿ, ಇನ್ನೊಬ್ಬರಿಗೆ ಬರಿಯ ಆಕಾರವಾಗಿ ಕಾಣುವ ಈ ಅಂತರದಲ್ಲೇ ವಲಸೆಯ ಅನುಭವವಿದೆ ಎಂದು ನನಗೆ ಅನ್ನಿಸುತ್ತದೆ. (ಮುಂದೆ ಬಿಂದುವು ಅವರ ಸಹಿಯಂತೆಯೇ ಆದಾಗ ಈ ಬಿಗಿ ಸಡಿಲಿತು ಎಂಬುದು ನನ್ನ ಅಭಿಪ್ರಾಯ, ಒಪ್ಪದವರು ಬಹಳ ಜನರಿದ್ದಾರೆ.)

ಇದನ್ನು ತಿರುಗುಮುರುಗಾಗಿ ನಾನು ಅನುಭವಿಸಿದ್ದು ಕಲಾವಿದೆ ಝರೀನಾ ಅವರ ಮರದಚ್ಚುಗಳಲ್ಲಿ, ಅಂದರೆ ಮರದ ಹಲಗೆಯಲ್ಲಿ ಕೆತ್ತಿ ಕಾಗದಕ್ಕೆ ಒತ್ತಿದ ಚಿತ್ರಗಳಲ್ಲಿ. 1937ರಲ್ಲಿ ಅಲೀಗಢದಲ್ಲಿ ಹುಟ್ಟಿ, ಹಲವು ದೇಶಗಳಲ್ಲಿ ನೆಲೆಸಿ, ಕೊನೆಗೆ ನ್ಯೂಯಾರ್ಕಿನಲ್ಲಿ ನಿಂತ ಅವರು 1999ರಲ್ಲಿ 'ಹೋಮ್ ಈಸ್ ಎ ಫಾರಿನ್ ಪ್ಲೇಸ್' (ಮನೆಯೇ ಒಂದು ಪರದೇಶ) ಎಂಬ 36 ಅಚ್ಚುಗಳ ಸರಣಿಯನ್ನು ಮಾಡಿದರು. ಮನೆ, ಹೊಸ್ತಿಲು, ಬಾಗಿಲು ಮುಂತಾದ ಉರ್ದು ಪದಗಳು ಒಂದೊಂದರಲ್ಲಿ ಒಂದೊಂದು, ಜೊತೆಗೆ ಕೆಲವೇ ಗೆರೆಗಳ ಒಂದು ಆಕೃತಿ. ನನಗೆ ಉರ್ದು ಓದಲು ಬರುವುದಿಲ್ಲ. ಆ ಪದಗಳ ಮುಂದೆ ನಾನು ಹೊರಗಿನವನಾದೆ. ಪರದೇಶದಲ್ಲಿ ಬೆಳೆದು ಕನ್ನಡ ಓದಲು ಬಾರದ ಮಗು ಅಜ್ಜಿಯ ಹಳೆಯ ಪತ್ರವನ್ನು ಹಿಡಿದಾಗ ಕಾಣುವ ದುಂಡನೆಯ ಸಾಲುಗಳು ನೆನಪಾದವು.

ವಿವರಣೆಯ ಪ್ರಶ್ನೆಗೆ ಬರುತ್ತೇನೆ. ಝರೀನಾ ಅವರ 2001ರ 'ಡಿವೈಡಿಂಗ್ ಲೈನ್' (ವಿಭಜಿಸುವ ಗೆರೆ) ಕೃತಿಯಲ್ಲಿರುವುದು ಹಾಳೆಯ ಉದ್ದಕ್ಕೂ ಅಂಕುಡೊಂಕಾಗಿ ಇಳಿಯುವ ಒಂದು ಕಪ್ಪು ಗೆರೆ. ಅದು ಭಾರತ ಪಾಕಿಸ್ತಾನಗಳ ಗಡಿ ಎಂಬುದನ್ನು ಶೀರ್ಷಿಕೆ ಅಥವಾ ವಿವರಣೆಯೇ ತಿಳಿಸಬೇಕೆಂಬುದನ್ನು ಒಪ್ಪುತ್ತೇನೆ. ಆದರೆ ಮರದಚ್ಚಿನಲ್ಲಿ ಕಪ್ಪಾಗಿ ಮೂಡಬೇಕಾದುದನ್ನು ಉಳಿಸಿಕೊಂಡು ಸುತ್ತಲಿನ ಮರವನ್ನೆಲ್ಲ ಉಳಿಯಿಂದ ಕೆತ್ತಿ ತೆಗೆಯಬೇಕು. ಎರಡೂ ಬದಿಯ ನೆಲವನ್ನು ಕೈಯಾರೆ ಇಲ್ಲವಾಗಿಸಿದಾಗ ಮಾತ್ರ ಆ ಗಡಿ ನಿಲ್ಲುತ್ತದೆ. ಅದನ್ನು ಯಾವ ವಿವರಣೆಯ ಹಲಗೆಯೂ ನನಗೆ ಹೇಳಲಿಲ್ಲ. ಸುತ್ತಲಿನ ಬಿಳಿಯಲ್ಲಿ ಉಳಿದಿರುವ ಉಳಿಯ ಗುರುತುಗಳಲ್ಲಿ ನಾನೇ ಕಂಡೆ.